ಹಳೆಯ ಮೋಟಾರಿನ ಬೆಳಗಿನ ಉಸಿರು

ಕಾರಿನ ಹಿಂಬದಿಯ ಕೊಳವೆಯಿಂದ ಹೊರಡುವ ಬಿಳಿಯ ಹೊಗೆಯನ್ನು ಕುರಿತು ಮಾತನಾಡಲು, ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಅನುಭವವಿದೆ, ಅದೂ ಹೆಮ್ಮೆಪಟ್ಟುಕೊಳ್ಳುವಂಥ ಅನುಭವವಲ್ಲ. ಮೂರು ವರ್ಷಗಳ ಹಿಂದೆ, ಪುಷ್ಯ ಮಾಸದ ಒಂದು ಬೆಳಗ್ಗೆ ಆ ಬಿಳಿಯ ಹೊಗೆಯನ್ನು ಕಂಡು ಹೆದರಬೇಕಾಗಿಲ್ಲದ್ದಕ್ಕೆ ನಾನು ಹೆದರಿದೆ. ಹೆದರಲೇಬೇಕಾಗಿದ್ದುದರ ಪಕ್ಕದಲ್ಲಿ ಹಲವು ದಿನ ನಿರಾತಂಕವಾಗಿ ನಿಂತಿದ್ದೆ. ಆ ತಪ್ಪುಗಳ ಕಥೆಯನ್ನೂ ಅವುಗಳ ದೆಸೆಯಿಂದ ಕಲಿತ ಅಲ್ಪಸ್ವಲ್ಪ ವಿಜ್ಞಾನವನ್ನೂ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇದೆ. ತಂದೆಯವರು 1979ರಲ್ಲಿ ಕೊಂಡದ್ದು. ಇಟಲಿಯ ಫಿಯಟ್ ಕಂಪನಿಯ 1100ಡಿ ಮಾದರಿಯ ಗಾಡಿಯನ್ನು 1964ರಿಂದ ಮುಂಬಯಿಯಲ್ಲಿ ತಯಾರಿಸುತ್ತಿದ್ದರು. ಅದಕ್ಕೆ 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಬಂತು. ಹೆಸರು ಬದಲಾದರೂ ನಮ್ಮ ಕಡೆಯ ಜನ ಅದನ್ನು ಕೊನೆಯವರೆಗೂ ಫಿಯಟ್ ಎಂದೇ ಕರೆದರು. 1089 ಘನ ಸೆಂಟಿಮೀಟರಿನ ಪುಟ್ಟ ಇಂಜಿನ್ನು, ನಾಲ್ಕು ಸಿಲಿಂಡರು, ಸ್ಟಿಯರಿಂಗ್ ಚಕ್ರದ ಪಕ್ಕದಲ್ಲೇ ಗೇರಿನ ಕೋಲು, ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಳೆಯಬೇಕಾದ ಚೋಕ್ ಗುಂಡಿ. ಇಂದಿನ ಮಕ್ಕಳಿಗೆ ಇವೆಲ್ಲ ವಸ್ತುಸಂಗ್ರಹಾಲಯದ ಸಾಮಗ್ರಿಗಳು. ತಂದೆಯವರು ಹೋದ ಮೇಲೆ ಅದನ್ನು ಮಾರಲು ನನಗೆ ಮನಸ್ಸು ಬರಲಿಲ್ಲ. ಹಾಗೆಂದು ದಿನವೂ ಓಡಿಸುವ ಅಗತ್ಯವೂ ಇರಲಿಲ್ಲ. ಗಾಡಿ ನಿಂತಲ್ಲೇ ನಿಂತರೆ ಕೆಟ್ಟುಹೋಗುತ್ತದೆಂದು ಯಾರೋ ಹೇಳಿದ್ದರಿಂದ, ಪ್ರತಿದಿನ ಬೆಳಗ್ಗೆ ಶೆಡ್ಡಿನಲ್ಲೇ ಐದು ಹತ್ತು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸುವ ವ್ರತವೊಂದನ್ನು ಹಿಡಿದಿದ್ದೆ. ಆರು ವರ್ಷದ ಮೊಮ್ಮಗಳು ಆ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಮೈಸೂರಿಗೋ ಬೆಂಗಳೂರಿಗೋ ಹೋಗಿಬರುತ್ತಿದ್ದಳು. ಚಳಿಗಾಳಿ ಮಗುವಿಗೆ ತಾಗಬಾರದೆಂದು ಶೆಡ್ಡಿನ ಷಟರನ್ನು ಮುಕ್ಕಾಲು ಪಾಲು ಇಳಿಸಿರುತ್ತಿದ್ದೆ. ಈ ಷಟರಿನ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ದಾವಣಗೆರೆ ಸಮುದ್ರಮಟ್ಟದಿಂದ ಆರುನೂರು ಮೀಟರಿನಷ್ಟು ಎತ್ತರದಲ್ಲಿದೆ. ಪುಷ್ಯದ ಬೆಳಗಿನಲ್ಲಿ ಉಷ್ಣತೆ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿಯುವುದುಂಟು. ಅಂಥ ಒಂದು ಬೆಳಗ್ಗೆ ಗಾಡಿಯನ್ನು ಬೀದಿಗೆ ತೆಗೆದು ನಿಲ್ಲಿಸಿದ್ದೆ. ಹಿಂದಿನ ಕೊಳವೆಯಿಂದ ದಟ್ಟವಾದ ಬಿಳಿಯ ಮೋಡ ಎದ್ದು ಎದುರುಮನೆಯ ಕಾಂಪೌಂಡನ್ನು ಮುಟ್ಟಿತು. ಕೊಳವೆಯ ತುದಿಯಿಂದ ಕಪ್ಪು ಬೆರೆತ ನೀರು ತೊಟ್ಟಿಕ್ಕುತ್ತಿತ್ತು. "ಏನ್ರೀ ಮೇಷ್ಟ್ರೇ, ಗಾಡಿಗೆ ಬೆಂಕಿ ಹತ್ತೈತೇನ್ರೀ?" ಎಂದು ಎದುರುಮನೆಯವರು ಹೊರಗೆ ಬಂದರು. ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಬಾನೆಟ್ ಎತ್ತಿದ, ಇಂಜಿನ್ನಿಗೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೋರಿಸಿದ. ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ಬಿಳಿಯ ಜಿಡ್ಡು ಅಂಟಿತ್ತು. "ಹೆಡ್ ಗ್ಯಾಸ್ಕೆಟ್ ಹೋಗೈತೆ ಸರ್. ನೀರು ಇಂಜಿನ್ನಿನೊಳಗೆ ಇಳೀತಾ ಐತೆ. ಎಲ್ಲಾ ಬಿಚ್ಚಬೇಕು. ಬಿಚ್ಚಿದ್ರೂ ಸಾಮಾನು ಸಿಗೋದು ಕಷ್ಟ. ಗುಜರಿಗೆ ಕೊಟ್ಟುಬಿಡೋದು ಲೇಸು" ಎಂದ. ಅವನು ಕೆಟ್ಟವನಲ್ಲ, ಕಂಡದ್ದನ್ನು ಕಂಡಂತೆ ಹೇಳಿದ. ಕಂಡದ್ದಕ್ಕೆ ಇನ್ನೊಂದು ಅರ್ಥವಿರಬಹುದೆಂದು ಅವನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಂದೆಯವರು ಭಾನುವಾರದ ಬೆಳಗ್ಗೆ ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದ ಗಾಡಿಯನ್ನು ತೂಕದ ಲೆಕ್ಕದಲ್ಲಿ ಮಾರುವುದು ಹೇಗೆ?

ಹರಿಹರದಲ್ಲಿ ತಂದೆಯವರ ಸ್ನೇಹಿತರೊಬ್ಬರಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ. 1941ರಲ್ಲಿ ಅಲ್ಲಿ ಸ್ಥಾಪನೆಯಾಗಿ, ಲೇತ್ ಯಂತ್ರಗಳಿಂದ ಹರಿಹರದ ಹೆಸರನ್ನು ದೇಶದ ತುಂಬ ಒಯ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಟರ್ನರ್ ಆಗಿ ದುಡಿದವರು. ಆ ಕಾರ್ಖಾನೆ ಈಗಿಲ್ಲ. ಅದರಲ್ಲಿ ಕೈ ಪಳಗಿಸಿಕೊಂಡವರು ಊರಿನಲ್ಲಿ ಇನ್ನೂ ಇದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ದೂರವಾಣಿಯಲ್ಲಿ ಸಂಗತಿ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿಳೇದು ಎಷ್ಟೊತ್ತು ಬರ್ತೈತಿ ತಮ್ಮಾ?" ನನ್ನಲ್ಲಿ ಉತ್ತರವಿರಲಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನಾನು ಇಂಜಿನ್ನನ್ನು ಓಡಿಸಿಯೇ ಇರಲಿಲ್ಲ. "ಯಾರೂ ಏನೂ ಬಿಚ್ಚಬ್ಯಾಡ್ರಿ. ನಾಳೆ ಮುಂಜಾನೆ ಬರ್ತೀನಿ" ಎಂದರು.

ಅವರು ಬರುವ ಮುನ್ನ, ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಒಟ್ಟುಗೂಡಿಸಿ ಈ ಬಿಳಿಯ ವಸ್ತು ಏನೆಂಬುದನ್ನು ವಿವರಿಸುತ್ತೇನೆ.

ಮೊದಲು ಭಾಷೆಯ ಮಾತು. ಹೊಗೆ, ಹಬೆ, ಆವಿ ಎಂಬ ಮೂರು ಪದಗಳನ್ನು ನಾವು ಒಂದರ ಬದಲಿಗೆ ಒಂದನ್ನು ಬಳಸುತ್ತೇವೆ. ಸಂಸ್ಕೃತದ ಬಾಷ್ಪ ಎಂಬ ಪದವಂತೂ ಆವಿಗೂ ಕಣ್ಣೀರಿಗೂ ಸಲ್ಲುತ್ತದೆ. ಕಾವ್ಯಕ್ಕೆ ಈ ಸಡಿಲು ಒಳ್ಳೆಯದು, ಇಂಜಿನ್ನಿಗೆ ಒಳ್ಳೆಯದಲ್ಲ. ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ವಸ್ತುವಿನ ನುಣುಪಾದ ಕಣಗಳು. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಚಿಮಣಿಯಿಂದ ಬರುವ ಕಪ್ಪು ಹೊಗೆ ಈ ಜಾತಿಯದು. ಆವಿಯೆಂದರೆ ಅನಿಲರೂಪ ತಾಳಿದ ನೀರು. ಅದಕ್ಕೆ ಬಣ್ಣವಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲ. ಆ ಆವಿ ತಣಿದು ಮತ್ತೆ ಸೂಕ್ಷ್ಮವಾದ ನೀರಹನಿಗಳಾಗಿ ಗಾಳಿಯಲ್ಲಿ ತೇಲಿದಾಗ ಕಾಣುವ ಬಿಳುಪನ್ನು ಹಬೆಯೆಂದು ಕರೆಯೋಣ. ಚಹಾದ ಕೆಟಲು ಚೆನ್ನಾಗಿ ಕುದಿಯುವಾಗ ಅದರ ಮೂತಿಯನ್ನು ಗಮನಿಸಿ ನೋಡಿ. ಮೂತಿಗೂ ಬಿಳಿಯ ಹಬೆಗೂ ನಡುವೆ ಒಂದು ಬೆರಳಗಲದಷ್ಟು ಏನೂ ಇಲ್ಲದಂತೆ ತೋರುವ ಜಾಗವಿರುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ಬಿಳಿಯದಾಗಿ ಕಾಣುವುದು ಆವಿಯಾಗಿದ್ದು ನೀರಿಗೆ ಮರಳಿದ ಭಾಗ.

ನಮ್ಮ ಕಾರಿನ ಹಿಂದೆ ಕಂಡದ್ದು ಹೊಗೆಯಲ್ಲ, ಹಬೆ. ಹಾಗಾದರೆ ಪೆಟ್ರೋಲು ಕುಡಿಯುವ ಯಂತ್ರದಲ್ಲಿ ನೀರು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಒಂದು ಕನ್ನಡ ಪದದಲ್ಲೇ ಇದೆ. ಜಲಜನಕ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ನಾನು ಈ ಪದವನ್ನು ತತ್ಪುರುಷ ಸಮಾಸಕ್ಕೆ ಉದಾಹರಣೆಯಾಗಿ ಕೊಟ್ಟಿದ್ದೇನೆ: ಜಲದ ಜನಕ ಜಲಜನಕ. ವಿಗ್ರಹವಾಕ್ಯವನ್ನು ಬಿಡಿಸಿದೆನೇ ಹೊರತು ಅದರ ಅರ್ಥವನ್ನು ಒಮ್ಮೆಯೂ ಯೋಚಿಸಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಕ್ಯಾವೆಂಡಿಷ್, ಉರಿಯುವ ಒಂದು ಬಗೆಯ ಅನಿಲವನ್ನು ಗಾಳಿಯೊಡನೆ ಸುಟ್ಟರೆ ಶುದ್ಧವಾದ ನೀರು ದೊರೆಯುತ್ತದೆಂದು ತೋರಿಸಿದನು. ಫ್ರಾನ್ಸಿನ ಲವಾಸಿಯೆ ಆ ಅನಿಲಕ್ಕೆ ನೀರನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟನು. ಅದರ ಕನ್ನಡ ರೂಪವೇ ಜಲಜನಕ. ಅದು ಆಮ್ಲಜನಕದೊಡನೆ ಕೂಡಿ ಉರಿದಲ್ಲೆಲ್ಲ ನೀರು ಹುಟ್ಟಲೇಬೇಕು. ಪೆಟ್ರೋಲು, ಸೀಮೆಎಣ್ಣೆ, ಹರಳೆಣ್ಣೆ, ಮೇಣ, ಸೌದೆ ಇವೆಲ್ಲವುಗಳಲ್ಲಿಯೂ ಇಂಗಾಲದ ಜೊತೆಗೆ ಜಲಜನಕವಿದೆ. ಆದ್ದರಿಂದ ಉರಿಯುವ ಪ್ರತಿಯೊಂದು ದೀಪವೂ ನೀರನ್ನು ಹುಟ್ಟಿಸುತ್ತಿರುತ್ತದೆ. ಮೈಕೆಲ್ ಫ್ಯಾರಡೆ 1860ರ ಕೊನೆಯಿಂದ 1861ರ ಆರಂಭದವರೆಗೆ ಲಂಡನ್ನಿನಲ್ಲಿ ಮಕ್ಕಳಿಗಾಗಿ ಮೇಣದ ಬತ್ತಿಯನ್ನು ಕುರಿತು ನೀಡಿದ ಪ್ರಸಿದ್ಧ ಉಪನ್ಯಾಸಗಳಲ್ಲಿ ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದು ಅದರ ತಳದಲ್ಲಿ ನೀರು ಕೂಡುವುದನ್ನು ತೋರಿಸಿದನು. ನಮ್ಮ ಮನೆಗಳಲ್ಲಿ ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದ ಅಜ್ಜಿಯರು ಇದೇ ಪ್ರಯೋಗವನ್ನು ಮಾಡುತ್ತಿದ್ದರು. ತಣ್ಣಗಿರುವ ತಟ್ಟೆಯ ಮೇಲೆ ಮೊದಲು ಕ್ಷಣಕಾಲ ಮಸುಕು ಕವಿಯುತ್ತದೆ. ತಟ್ಟೆ ಬಿಸಿಯಾದೊಡನೆ ಅದು ಮಾಯವಾಗಿ ಕಾಡಿಗೆ ಮಾತ್ರ ನಿಲ್ಲುತ್ತದೆ. ನಾವು ಕಾಡಿಗೆಯನ್ನು ಕಂಡೆವು, ಮಸುಕನ್ನು ಗಮನಿಸಲಿಲ್ಲ.

ಇನ್ನು ಲೆಕ್ಕ. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಜಲಜನಕ ಸುಮಾರು ನೂರು ಗ್ರಾಂ. ಒಂದು ಗ್ರಾಂ ಜಲಜನಕ ಗಾಳಿಯಿಂದ ಎಂಟು ಗ್ರಾಂ ಆಮ್ಲಜನಕವನ್ನು ಸೆಳೆದುಕೊಂಡು ಒಂಬತ್ತು ಗ್ರಾಂ ನೀರಾಗುತ್ತದೆ. ಆದ್ದರಿಂದ ಒಂದು ಲೀಟರು ಪೆಟ್ರೋಲು ಉರಿದರೆ ಒಂಬೈನೂರು ಗ್ರಾಮಿನಷ್ಟು, ಎಂದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ನಮ್ಮ ಗಾಡಿಗೆ ಅಷ್ಟು ದಾರಿಗೆ ಒಂದು ಲೀಟರು ಪೆಟ್ರೋಲು ಬೇಕು. ಹಾಗಾಗಿ ಹರಿಹರ ಮುಟ್ಟುವಷ್ಟರಲ್ಲಿ ಅದು ದಾರಿಯುದ್ದಕ್ಕೂ ಒಂದು ತಂಬಿಗೆ ನೀರು ಚೆಲ್ಲಿರುತ್ತದೆ. ಅದು ಆವಿಯ ರೂಪದಲ್ಲಿರುವುದರಿಂದ ಯಾರಿಗೂ ಕಾಣುವುದಿಲ್ಲ, ಅಷ್ಟೆ.

ಹಾಗಿದ್ದರೆ ಬೆಳಗಿನ ಚಳಿಯಲ್ಲಿ ಮಾತ್ರ ಏಕೆ ಕಾಣಬೇಕು? ಇಂಜಿನ್ನಿನಿಂದ ಹೊರಬರುವ ಅನಿಲದಲ್ಲಿ ನೂರಕ್ಕೆ ಹದಿಮೂರು ಹದಿನಾಲ್ಕು ಪಾಲು ನೀರಿನ ಆವಿ. ನಮ್ಮ ಉಸಿರಿನಲ್ಲಿರುವುದು ನೂರಕ್ಕೆ ಆರು ಪಾಲು ಮಾತ್ರ. ಆದಕಾರಣವೇ ದಾವಣಗೆರೆಯ ಚಳಿಯಲ್ಲಿ ನಮ್ಮ ಉಸಿರು ಕಾಣದಿದ್ದರೂ ಮೋಟಾರಿನ ಉಸಿರು ಕಾಣುತ್ತದೆ. ಇಷ್ಟು ಆವಿಯಿರುವ ಅನಿಲ ಸುಮಾರು ಐವತ್ತು ಡಿಗ್ರಿಗಿಂತ ಕೆಳಗೆ ತಣಿದರೆ ಹನಿಗಟ್ಟಲು ತೊಡಗುತ್ತದೆ. ರಾತ್ರಿಯೆಲ್ಲ ಚಳಿಯಲ್ಲಿದ್ದ ಗಾಡಿಯ ಸೈಲೆನ್ಸರು, ಉದ್ದನೆಯ ಕಬ್ಬಿಣದ ಕೊಳವೆ, ಎಲ್ಲವೂ ಹದಿನೈದು ಡಿಗ್ರಿಯಲ್ಲಿರುತ್ತವೆ. ಬಿಸಿ ಅನಿಲ ಅವುಗಳ ಗೋಡೆಗೆ ತಾಗಿದೊಡನೆ ಆವಿ ನೀರಾಗಿ ಒಳಗೋಡೆಯ ಮೇಲೆ ಇಳಿಯುತ್ತದೆ, ಅಲ್ಲಿ ಕೂತಿದ್ದ ಮಸಿಯನ್ನು ತೊಳೆದುಕೊಂಡು ತುದಿಯಲ್ಲಿ ತೊಟ್ಟಿಕ್ಕುತ್ತದೆ. ನಾನು ಕಂಡ ಕಪ್ಪು ನೀರು ಅದೇ. ಹನಿಗಟ್ಟದೆ ಉಳಿದ ಆವಿ ಹೊರಗಿನ ತಂಪು ಗಾಳಿಯೊಡನೆ ಬೆರೆತು ಬಿಳಿಯ ಹಬೆಯಾಗುತ್ತದೆ. ಕೊಳವೆ ಬಿಸಿಯಾದಂತೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಅನಿಲದ ಕಾವು ಹೆಚ್ಚಿದಂತೆ ಹಬೆಯೂ ತೆಳ್ಳಗಾಗಿ ಕೊಳವೆಯಿಂದ ದೂರ ಸರಿದು ಕೊನೆಗೆ ಕಾಣದಾಗುತ್ತದೆ. ಆಗಲೂ ನೀರು ಅಷ್ಟೇ ಹುಟ್ಟುತ್ತಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬೇಸಿಗೆಯಲ್ಲಿ ಇದು ಕಾಣದಿರುವುದಕ್ಕೂ ಕಾರಣ ಸುಲಭ. ಹದಿನೈದು ಡಿಗ್ರಿಯ ಒಂದು ಘನ ಮೀಟರು ಗಾಳಿ ಸುಮಾರು ಹದಿಮೂರು ಗ್ರಾಂ ಆವಿಯನ್ನು ಮಾತ್ರ ಹೊರಬಲ್ಲದು. ಮೂವತ್ತೈದು ಡಿಗ್ರಿಯ ಗಾಳಿ ಸುಮಾರು ನಲವತ್ತು ಗ್ರಾಂ ಹೊರುತ್ತದೆ. ಚೈತ್ರ ವೈಶಾಖಗಳ ಒಣಗಿದ ಗಾಳಿಗೆ ಒಂದು ಕಾರಿನ ಹಬೆ ಯಾವ ಲೆಕ್ಕ? ಹುಟ್ಟಿದ ಹನಿಯನ್ನು ಅದು ಆ ಕ್ಷಣದಲ್ಲೇ ಹೀರಿಬಿಡುತ್ತದೆ.

ಈಗ ಕಥೆಗೆ ಮರಳುತ್ತೇನೆ. ಮರುದಿನ ಬೆಳಗ್ಗೆ ಏಳಕ್ಕೆ ಕಾಕಾ ಬಂದರು. ಗಾಡಿಯನ್ನು ಬೀದಿಗೆ ತಳ್ಳಿಸಿ, ಸ್ಟಾರ್ಟ್ ಮಾಡುವುದಕ್ಕೆ ಮೊದಲೇ ರೇಡಿಯೇಟರಿನ ನೀರನ್ನು ನೋಡಿದರು. ಬಾಯಿಮಟ್ಟ ಇತ್ತು. ಇಂಜಿನ್ ತಣ್ಣಗಿರುವಾಗ ಮಾತ್ರ ಆ ಮುಚ್ಚಳ ತೆಗೆಯಬೇಕು, ಬಿಸಿಯಲ್ಲಿ ತೆಗೆದರೆ ಮುಖ ಸುಡುತ್ತದೆ ಎಂದರು. ಆಯಿಲಿನ ಅಳತೆ ಕಡ್ಡಿಯನ್ನು ಎಳೆದು ಬೆರಳಲ್ಲಿ ಉಜ್ಜಿದರು. ಆಯಿಲು ಕಂದು ಬಣ್ಣದ್ದಾಗಿ ತಿಳಿಯಾಗಿತ್ತು. ಮುಚ್ಚಳದಲ್ಲಿದ್ದ ಬಿಳಿ ಜಿಡ್ಡು ಅಲ್ಲಿರಲಿಲ್ಲ. ಆಮೇಲೆ ಇಂಜಿನ್ ಓಡಿಸಿ, ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತರಿಸಿ ಕೊಳವೆಯ ಬಾಯಿಗೆ ಒಂದಡಿ ದೂರದಲ್ಲಿ ಹಿಡಿದರು. ತಟ್ಟೆಯ ಮೇಲೆ ಮಸುಕು ಕವಿದು ಹನಿಯಾಯಿತು. ಹನಿ ಬಿಸಿಲಿಗೆ ಆರಿದ ಮೇಲೆ ಚಿಟಿಕೆ ಮಸಿ ಉಳಿಯಿತು. ಎಣ್ಣೆಯ ಜಿಡ್ಡು ಇರಲಿಲ್ಲ. "ನೀರು ತಮ್ಮಾ, ಬರೇ ನೀರು. ನಡಿ, ಹರಿಹರಕ್ಕ ಹೋಗಿಬರೂಣು" ಎಂದರು.

ಹಳೆಯ ರಸ್ತೆಯಲ್ಲಿ ದೊಡ್ಡಬಾತಿಯನ್ನು ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಕಾಣುತ್ತಿದ್ದ ಬಿಳಿಯ ಬಾಲ ಇಲ್ಲವಾಗಿತ್ತು. ಹರಿಹರದ ಹೊಳೆಯ ದಂಡೆಗೆ ಹೋಗಿ ನಿಲ್ಲಿಸಿದೆವು. ಗಾಡಿಯ ಹಿಂದೆ ಏನೂ ಕಾಣಲಿಲ್ಲ, ಕೊಳವೆಯ ತುದಿ ಒಣಗಿತ್ತು. ಎದುರಿಗೆ ತುಂಗಭದ್ರೆಯ ಮೇಲೆ ಮಾತ್ರ ಮೊಳದೆತ್ತರದ ಬಿಳಿಯ ಹಬೆ ಎದ್ದು ಮೆಲ್ಲಗೆ ಸರಿಯುತ್ತಿತ್ತು. ರಾತ್ರಿ ಗಾಳಿ ಬೇಗ ತಣಿಯುತ್ತದೆ, ಹೊಳೆಯ ನೀರು ಅಷ್ಟು ಬೇಗ ತಣಿಯುವುದಿಲ್ಲ. ಬೆಚ್ಚನೆಯ ನೀರಿನಿಂದೆದ್ದ ಆವಿ ತಣ್ಣನೆಯ ಗಾಳಿಗೆ ತಾಗಿ ಹಬೆಯಾಗುತ್ತದೆ. ನಮ್ಮ ಗಾಡಿಯ ಹಿಂದೆ ನಡೆದದ್ದೂ ಹೊಳೆಯ ಮೇಲೆ ನಡೆಯುತ್ತಿದ್ದುದೂ ಒಂದೇ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದಾಗಲೂ ಚಳಿಗಾಲದ ಬೆಳಗಿನಲ್ಲಿ ಹೊಳೆ ಹೀಗೆಯೇ ಉಸಿರಾಡುತ್ತಿದ್ದಿರಬೇಕು. ಮೋಡವು ಯಾವ ಯಾವ ವಸ್ತುಗಳಿಂದ ಆದದ್ದೆಂಬ ಯೋಚನೆಯನ್ನು ಕಾಳಿದಾಸನೂ ಮೇಘದೂತದ ಆರಂಭದಲ್ಲಿಯೇ ಎತ್ತಿಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ ನೀರಿನ ಜೊತೆಗೆ ಬೆಂಕಿಗೂ ಜಾಗವಿದೆ. ಫಿಯಟ್ ಗಾಡಿಯ ಹಿಂದಿನ ಪುಟ್ಟ ಮೋಡಕ್ಕೆ ಆ ಪಟ್ಟಿ ಚೆನ್ನಾಗಿ ಒಪ್ಪುತ್ತದೆಯೆಂದು ನನಗೆ ಅಲ್ಲಿ ನಿಂತಾಗ ತೋರಿತು.

ಹಾಗೆಂದು ಬಿಳಿಯದೆಲ್ಲ ನಿರಪಾಯವೆಂದು ತಿಳಿಯಬಾರದು. ಇಂಜಿನ್ನಿನ ಎರಡು ಭಾಗಗಳ ನಡುವಿನ ಗ್ಯಾಸ್ಕೆಟ್ಟು ನಿಜವಾಗಿಯೂ ಹರಿದು ರೇಡಿಯೇಟರಿನ ನೀರು ಒಳಗಿಳಿಯುತ್ತಿದ್ದರೆ, ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿಯ ಹಬೆ ನಿಲ್ಲುವುದಿಲ್ಲ. ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲು ಹಾಲು ಬೆರೆತ ಕಾಫಿಯಂತಾಗುತ್ತದೆ. ರೇಡಿಯೇಟರಿಗೆ ಕೂಲೆಂಟ್ ಹಾಕಿದ್ದರೆ ಸಿಹಿಯಾದ ಒಂದು ವಾಸನೆ ಬರುತ್ತದೆ. ಹಳೆಯ ಗಾಡಿಗಳಿಗೆ ಬರಿಯ ನೀರನ್ನೇ ಹಾಕುವ ರೂಢಿ ನಮ್ಮಲ್ಲಿರುವುದರಿಂದ ವಾಸನೆಯೊಂದನ್ನೇ ನಂಬುವಂತಿಲ್ಲ, ನೀರಿನ ಮಟ್ಟವನ್ನೇ ನೋಡಬೇಕು. ಹೊಗೆ ನೀಲಿಯಾದರೆ ಆಯಿಲು ಸುಡುತ್ತಿದೆಯೆಂದು ಅರ್ಥ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲುತ್ತಿಲ್ಲವೆಂದು ಅರ್ಥ. ಒಟ್ಟಿನಲ್ಲಿ, ಕಾಕಾ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ: ಬಿಳಿಯದು ಎಷ್ಟು ಹೊತ್ತು ಬರುತ್ತದೆ?

ಮುಚ್ಚಳದ ಬಿಳಿ ಜಿಡ್ಡಿನ ವಿಷಯ ಉಳಿಯಿತು. ಅದಕ್ಕೆ ಕಾರಣ ನಾನು ಹಿಡಿದಿದ್ದ ವ್ರತ. ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಆಯಿಲು ಇರುವ ಕಡೆಗೂ ಹೋಗುತ್ತದೆ. ಅದರಲ್ಲಿಯೂ ನೀರಿನ ಆವಿ ಇದ್ದೇ ಇರುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿಯೇ ಹೊರಟುಹೋಗುತ್ತದೆ. ಐದು ಹತ್ತು ನಿಮಿಷದಲ್ಲಿ ನಿಲ್ಲಿಸಿದರೆ ಅಲ್ಲೇ ಹನಿಗಟ್ಟಿ, ಆಯಿಲಿನೊಡನೆ ಕಡೆದುಕೊಂಡು, ತಣ್ಣಗಿರುವ ಮುಚ್ಚಳದಲ್ಲಿ ಬೆಣ್ಣೆಯಂತೆ ಕೂಡುತ್ತದೆ. ಸೈಲೆನ್ಸರಿನ ಗತಿಯೂ ಹಾಗೆಯೇ. ಅದರ ಹೊಟ್ಟೆಯಲ್ಲಿ ನಿಂತ ನೀರಿನಲ್ಲಿ ಉರಿದ ಇಂಗಾಲದಿಂದಾದ ಅಂಗಾರಾಮ್ಲ ಅನಿಲ ಕರಗುತ್ತದೆ, ಪೆಟ್ರೋಲಿನಲ್ಲಿದ್ದ ಗಂಧಕದ ಅಂಶವೂ ಸೇರಿ ಸೌಮ್ಯವಾದ ಆಮ್ಲವಾಗುತ್ತದೆ. ಸೈಲೆನ್ಸರು ಹೊರಗಿನಿಂದಲ್ಲ, ಒಳಗಿನಿಂದ ತುಕ್ಕು ಹಿಡಿದು ತೂತಾಗುತ್ತದೆ. ಪ್ರತಿದಿನ ಹತ್ತು ನಿಮಿಷ ನಿಂತಲ್ಲೇ ಓಡಿಸುವುದಕ್ಕಿಂತ ವಾರ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು ಎಷ್ಟೋ ಮೇಲು. ಗಾಡಿಯ ಆರೋಗ್ಯಕ್ಕೆಂದು ನಾನು ಮಾಡುತ್ತಿದ್ದ ಉಪಚಾರವೇ ಅದಕ್ಕೆ ರೋಗ ತರುತ್ತಿತ್ತು.

ಇಷ್ಟೇ ಆಗಿದ್ದರೆ ಈ ಭಾಷಣದ ಅಗತ್ಯವಿರಲಿಲ್ಲ. ಹರಿಹರದಿಂದ ಮರಳಿ ಬಂದು ಗಾಡಿಯನ್ನು ಶೆಡ್ಡಿಗೆ ಸೇರಿಸುವಾಗ ಕಾಕಾ ಷಟರನ್ನು ನೋಡಿ, "ದಿನಾ ಮುಂಜಾನೆ ಎಲ್ಲಿ ಸ್ಟಾರ್ಟ್ ಮಾಡ್ತಿದ್ದಿ?" ಎಂದು ಕೇಳಿದರು. ಇಲ್ಲಿಯೇ, ಷಟರು ಇಳಿಸಿಕೊಂಡು, ಎಂದೆ. "ಕೂಸು?" ಎಂದರು. ಹಿಂದಿನ ಸೀಟಿನಲ್ಲಿ ಕೂತಿರುತ್ತಾಳೆ ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ಬಿಳೇದಕ್ಕ ಹೆದರಿದಿ. ಕಾಣಲಾರದ್ದಕ್ಕ ಹೆದರಲಿಲ್ಲಲ್ಲೋ ಮೇಷ್ಟ್ರೇ" ಎಂದರು. ಅದಕ್ಕೂ ಒಂದು ವಾರದ ಹಿಂದಿನಿಂದ ಮಗು ಬೆಳಗಿನ ಹೊತ್ತು ತಲೆನೋವೆಂದು ಹೇಳುತ್ತಿದ್ದಳು. ಶೀತವೆಂದು ಸೊಸೆ ಕಷಾಯ ಕೊಡುತ್ತಿದ್ದಳು. ನನಗೂ ತಲೆ ಭಾರವಾಗುತ್ತಿತ್ತು, ವಯಸ್ಸಾಯಿತೆಂದುಕೊಂಡಿದ್ದೆ. ಕಾಕಾ ಆ ಮಾತನ್ನಾಡಿದಾಗ ನನ್ನ ಕೈಕಾಲು ತಣ್ಣಗಾದವು.

ಇಂಗಾಲ ಉರಿಯಲು ಬೇಕಾದಷ್ಟು ಗಾಳಿ ಸಿಕ್ಕದಿದ್ದರೆ ಅದು ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಚೋಕ್ ಎಳೆಯುವುದೆಂದರೆ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲನ್ನು ಹೆಚ್ಚಿಸುವುದು. ಆದ್ದರಿಂದ ತಣ್ಣನೆಯ ಇಂಜಿನ್ನು ಬಿಳಿಯ ಹಬೆ ಬಿಡುವ ಹೊತ್ತಿನಲ್ಲೇ ಈ ವಿಷಾನಿಲವನ್ನೂ ಅತ್ಯಂತ ಹೆಚ್ಚಾಗಿ ಬಿಡುತ್ತಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಇದು ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಬೇಗ ಬಿಡುವುದಿಲ್ಲ. 2000ಕ್ಕೆ ಹಿಂದಿನ ಪೆಟ್ರೋಲ್ ಕಾರುಗಳು ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗಲು ಈ ಅನಿಲ ನೂರಕ್ಕೆ ಮೂರು ಪಾಲಿನವರೆಗೆ ಇರಬಹುದೆಂದು ನಮ್ಮ ನಿಯಮ ಹೇಳುತ್ತದೆ. ಆ ಮಿತಿ ಬಿಸಿಯಾದ ಇಂಜಿನ್ನಿಗೆ. ಚೋಕ್ ಎಳೆದ ತಣ್ಣನೆಯ ಇಂಜಿನ್ನಿನಲ್ಲಿ ಅದು ಐದಾರು ಪಾಲಿರಬಹುದು.

ನನ್ನ ಶೆಡ್ಡಿನ ಲೆಕ್ಕವನ್ನು ಆ ರಾತ್ರಿಯೇ ಮಾಡಿದೆ. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ, ಎಂಟು ಅಡಿ ಎತ್ತರ. ಅದರಲ್ಲಿ ಹಿಡಿಯುವ ಗಾಳಿ ಮೂವತ್ತಾರು ಸಾವಿರ ಲೀಟರು. ನಮ್ಮ ಗಾಡಿಯಂಥ ಇಂಜಿನ್ನು ನಿಂತಲ್ಲಿ ಓಡುವಾಗ ನಿಮಿಷಕ್ಕೆ ನೂರಕ್ಕೂ ಮೇಲ್ಪಟ್ಟು ಲೀಟರು ಅನಿಲವನ್ನು ಹೊರಬಿಡುತ್ತದೆ; ಅದರಲ್ಲಿ ಐದಾರು ಲೀಟರು ಈ ವಿಷ. ಶೆಡ್ಡು ಪೂರ್ತಿ ಮುಚ್ಚಿದ್ದರೆ ಹತ್ತೇ ನಿಮಿಷದಲ್ಲಿ ಸಾವಿರಕ್ಕೆ ಒಂದು ಪಾಲನ್ನು ಮೀರುತ್ತದೆ. ಸಾವಿರಕ್ಕೆ ಒಂದು ಪಾಲು ಅಲ್ಪವೆಂದು ತೋರಬಹುದು. ಅಷ್ಟಿರುವ ಗಾಳಿಯಲ್ಲಿ ಒಂದೆರಡು ಗಂಟೆ ಇದ್ದರೆ ಪ್ರಾಣಕ್ಕೇ ಎರವು. ಅದಕ್ಕೂ ಮುಂಚೆ ತಲೆನೋವು, ವಾಂತಿ, ಮಂಪರು. ಮಂಪರು ಬಂದವನಿಗೆ ಎದ್ದು ಹೊರಗೆ ಹೋಗಬೇಕೆಂಬ ಬುದ್ಧಿ ಹೊಳೆಯುವುದಿಲ್ಲ. ನಮ್ಮನ್ನು ಕಾಪಾಡಿದ್ದು ಷಟರು ನೆಲ ಮುಟ್ಟದೆ ಬಿಟ್ಟಿದ್ದ ಸಂದು, ಮತ್ತು ಮಗುವಿಗೆ ಬೆಂಗಳೂರು ಬೇಗ ಬೇಸರವಾಗುತ್ತಿದ್ದುದು.

ಹೊಸ ಕಾರುಗಳಲ್ಲಿ ಈ ವಿಷವನ್ನು ಬಹುಪಾಲು ಸುಟ್ಟುಹಾಕುವ ಸಾಧನವಿದೆ. ಆದರೆ ಅದೂ ಬಿಸಿಯಾದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಮೊದಲ ಕೆಲವು ನಿಮಿಷ ಹೊಸದಕ್ಕೂ ಹಳೆಯದಕ್ಕೂ ಸಮೀಪದ ನಂಟು. ಆದ್ದರಿಂದ ಯಾವ ಗಾಡಿಯನ್ನಾದರೂ ಸರಿ, ಮುಚ್ಚಿದ ಕಡೆ ಓಡಿಸಬಾರದು. ಬಾಗಿಲು ತೆರೆದು ಹೊರಗೆ ತೆಗೆಯಿರಿ, ಹೊರಗೆ ಬಿಸಿಮಾಡಿ. ಬಾನೆಟ್ಟಿನ ಬಳಿ ಮಕ್ಕಳು ನಿಂತರೂ ನಿಲ್ಲಲಿ, ಹಿಂದಿನ ಕೊಳವೆಯ ಬಳಿ ಬೇಡ. ಶೆಡ್ಡಿನಲ್ಲಿ ತಲೆ ಭಾರವಾದರೆ ಕಷಾಯಕ್ಕೆ ಕಾಯದೆ ಮೊದಲು ಬಯಲಿಗೆ ಬನ್ನಿ, ಆಮೇಲೆ ವೈದ್ಯರನ್ನು ಕಾಣಿ.

ಕೊನೆಯದಾಗಿ ಆ ನೀರಿನ ಬಗ್ಗೆ ಒಂದು ಮಾತು. ಪೆಟ್ರೋಲು ಆದದ್ದು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ ಸೂಕ್ಷ್ಮಜೀವಿಗಳಿಂದ. ಅವುಗಳ ಮೈಯಲ್ಲಿದ್ದ ಜಲಜನಕ ಆ ಕಾಲದ ಸಮುದ್ರದ ನೀರಿನಿಂದ ಬಂದದ್ದು. ಈಗ ನಮ್ಮ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುತ್ತಾರೆ. ಹಳೆಯ ಗಾಡಿಯ ರಬ್ಬರ್ ಕೊಳವೆಗಳಿಗೆ ಅದು ಅಷ್ಟು ಹಿತವಲ್ಲ, ಆಗಾಗ ನೋಡಿಕೊಳ್ಳಬೇಕು. ಎಥನಾಲಿನಲ್ಲಿಯೂ ಜಲಜನಕವಿದೆ. ಅದು ಕಬ್ಬಿನಿಂದ ಬಂದದ್ದಾದರೆ, ಆ ಜಲಜನಕ ಕಬ್ಬಿನ ಗದ್ದೆ ಕುಡಿದ ನೀರಿನದು. ನಮ್ಮ ಭದ್ರಾ ನಾಲೆಯದೇ ಇದ್ದರೂ ಇರಬಹುದು. ಅದಕ್ಕೆ ದಾವಣಗೆರೆಯ ಈ ಬೆಳಗಿನ ಗಾಳಿಯ ಆಮ್ಲಜನಕ ಸೇರಿ, ಯಾವ ಕಾಲದಲ್ಲೋ ಬೇರೆಯಾಗಿದ್ದ ನೀರು ಮತ್ತೆ ನೀರಾಗಿ ಕೊಳವೆಯ ತುದಿಯಲ್ಲಿ ತೊಟ್ಟಿಕ್ಕುತ್ತದೆ.

ಗಾಡಿ ಇನ್ನೂ ನಮ್ಮಲ್ಲೇ ಇದೆ. ಹದಿನೈದು ದಿನಕ್ಕೊ‌ಮ್ಮೆ ಭಾನುವಾರ ಬೆಳಗ್ಗೆ ಅದನ್ನು ಬೀದಿಗೆ ತಳ್ಳಿ, ಅಲ್ಲಿ ಸ್ಟಾರ್ಟ್ ಮಾಡಿ ಹರಿಹರಕ್ಕೆ ಹೋಗಿ ಕಾಕಾ ಅವರನ್ನು ಕಂಡುಬರುತ್ತೇವೆ. ಬಿಳಿಯ ಹಬೆ ಎದ್ದಾಗ ಮೊಮ್ಮಗಳು ದೂರ ನಿಂತು, ಅದು ಹೊಗೆಯಲ್ಲವೆಂದು ಎದುರುಮನೆಯವರಿಗೆ ಹೇಳುತ್ತಾಳೆ. ಶೆಡ್ಡಿನ ಷಟರನ್ನು ಮೇಲೆತ್ತುವ ಕೆಲಸ ಮಾತ್ರ ನನ್ನದು. ಅದನ್ನು ಬೇರೆ ಯಾರಿಗೂ ಬಿಡುವುದಿಲ್ಲ.